ಹೊಳಿಯೋ, ಹೋಳಿಯೋ: ನನ್ನ ವೆಬ್‌ಸೈಟ್ ರಿಪೇರಿ, ನಿಮ್ಮ ಕಣ್ಣು

ಹೋದ ಮೇ ತಿಂಗಳಲ್ಲಿ ಮೈಸೂರು ಕಡೆಯ ಓದುಗರೊಬ್ಬರು ಒಂದು ಮೆಸೇಜ್ ಕಳಿಸಿದರು. “ಸರ್, ನಿಮ್ಮ ಸೈಟಿನ ಕೆಲವು ಬರಹಗಳಲ್ಲಿ ನಿರು, ಮೆಲೆ, ಬೆಕು ಅಂತೆಲ್ಲ ಇದೆ. ಬಾಗಲಕೋಟೆ ಕಡೆ ಹಾಗೇ ಮಾತಾಡ್ತಾರಾ?”

ಎರಡು ಸಲ ಓದಿದೆ. ನಮ್ಮ ಕಡೆ ನೀರಿಗೆ ನೀರು ಅಂತಲೇ ಅನ್ನುತ್ತೇವೆ. ಮೇಲೆ ಅನ್ನುವುದು ಮ್ಯಾಲ ಆಗುತ್ತದೆ, ಮೆಲೆ ಆಗುವುದಿಲ್ಲ. ಬೇಕು ಯಾವತ್ತೂ ಬೇಕು. ಅವರು ಕಳಿಸಿದ ಲಿಂಕ್ ತೆರೆದು ನೋಡಿದರೆ ಅವರ ಮಾತು ನಿಜ. ಇಡೀ ಪುಟದಲ್ಲಿ ಗುಡಿಸಿನ ದೀರ್ಘ ಇಲ್ಲ, ಏತ್ವದ ದೀರ್ಘ ಇಲ್ಲ, ಓತ್ವದ ದೀರ್ಘ ಇಲ್ಲ. ಬಾಗಲಕೋಟೆ ಕೂಡ ಬಾಗಲಕೊಟೆ ಆಗಿ ಕೂತಿದೆ. 2016ರಿಂದ ಹಾಗೇ ಇದೆ ಅಂತ ಆಮೇಲೆ ಗೊತ್ತಾಯಿತು. ಇಷ್ಟು ವರ್ಷ ಅದನ್ನು ಓದಿದವರು ನಮ್ಮ ಜನರ ಮಾತೇ ಹೀಗೆ ಅಂದುಕೊಂಡಿರಬಹುದು. ಅದನ್ನು ನೆನೆದು ಹೊಟ್ಟೆಯಲ್ಲಿ ಸಂಕಟವಾಯಿತು. ಅವತ್ತೇ ರಿಪೇರಿಗೆ ಕೂತೆ.

ಸೈಟ್ ಬಗ್ಗೆ ಎರಡು ಮಾತು ಹೇಳಬೇಕು. ನಾನು ಹುಟ್ಟಿದ್ದು ಹಳೇ ಬಾಗಲಕೋಟೆಯ ಕಿಲ್ಲಾದಲ್ಲಿ. ಈಗ ಇರುವುದು ನವನಗರದಲ್ಲಿ. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರು ಘಟಪ್ರಭೆಯೊಳಗೂ ಏರಿತು, ನಮ್ಮ ಓಣಿಗಳವರೆಗೂ ಬಂತು. ಜಲಾಶಯದಲ್ಲಿ ಈಗ ನೀರು ನಿಲ್ಲಿಸುವ ಮಟ್ಟ 519.60 ಮೀಟರ್. ಅದನ್ನು 524.256 ಮೀಟರಿಗೆ ಏರಿಸುವ ಮಾತು ವರ್ಷಗಳಿಂದ ನಡೆದಿದೆ. ನಮ್ಮಲ್ಲಿ ಇದಕ್ಕೆಲ್ಲ ಒಂದೇ ಪದ, ಮುಳುಗಡೆ. 2003ರಿಂದ 2009ರವರೆಗೆ ನಾನು ಮುಳುಗಡೆ ಊರುಗಳ ಹಿರಿಯರ ಹತ್ತಿರ ಕೂತು ಅವರ ಮಾತು ಬರೆದುಕೊಂಡೆ. ಅವರು ಹೇಳಿದ ಹಾಗೆ, ಅವರ ಬಾಯಿಯ ಮಾತಿನಲ್ಲೇ. ನನ್ನ ಕಥೆ, ಲೇಖನಗಳನ್ನೂ ಸೇರಿಸಿ 2011ರಲ್ಲಿ ಸೈಟ್ ಮಾಡಿದೆ. ಈಗ ಅಲ್ಲಿ ಒಟ್ಟು 118 ಬರಹ ಇವೆ. ಆ ಹಿರಿಯರಲ್ಲಿ ಜಾಸ್ತಿ ಜನ ಈಗ ಇಲ್ಲ.

ಮೊದಲ ಭಾನುವಾರ: ದೀರ್ಘ ಎಲ್ಲಿ ಹೋಯಿತು

ಆಗ ನಾನು ಟೈಪ್ ಮಾಡಿದ್ದೆಲ್ಲ ನುಡಿಯಲ್ಲಿ, ಹಳೆಯ ಆಸ್ಕಿ ಫಾಂಟಿನಲ್ಲಿ. ಕನ್ನಡವನ್ನು ಕಂಪ್ಯೂಟರಿನಲ್ಲಿ ಕೂಡಿಸಿಕೊಟ್ಟ ತಂತ್ರಾಂಶ ಅದು, ನನ್ನ ಅರ್ಧ ಆಯುಷ್ಯದ ಬರಹ ಅದರಲ್ಲೇ ಆಗಿದೆ. ಆದರೆ ಆ ಫೈಲಿನ ಒಳಗೆ ನಿಜವಾಗಿ ಕನ್ನಡ ಇರುವುದಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು ಇರುತ್ತವೆ. ಫಾಂಟ್ ಅವಕ್ಕೆ ಕನ್ನಡದ ಆಕಾರ ತೊಡಿಸುತ್ತದೆ, ಅಷ್ಟೇ.

ಫಾಂಟ್ ತೆಗೆದು ನೋಡಿದರೆ ‘ಕನ್ನಡ’ ಅನ್ನುವ ಪದ ಹೀಗೆ ಕಾಣುತ್ತದೆ: ದೊಡ್ಡ ಪಿ, ತಲೆಯ ಮೇಲೆ ಓರೆ ಗೆರೆ ಇರುವ ಎ, ಪೌಂಡ್ ಹಣದ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣ ಕ್ಯೂ, ಕೊನೆಗೆ ಮತ್ತೆ ಅದೇ ಎ. ಒಟ್ಟು ಏಳು ಗುರುತು. ಯುನಿಕೋಡ್ ಅಂದರೆ ಎಲ್ಲ ಭಾಷೆಗಳ ಒಂದೊಂದು ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಪದ್ಧತಿ. ಅದರಲ್ಲಿ ಅದೇ ಪದಕ್ಕೆ ಐದು ಗುರುತು ಸಾಕು: ಕ, ನ, ಹಲಂತ (ಒತ್ತು ಕೂಡಿಸುವ ಗುರುತು), ನ, ಡ. ಯುನಿಕೋಡಿನಲ್ಲಿ ಕನ್ನಡಕ್ಕೆ ಅಂತಲೇ 128 ಮನೆಗಳ ಒಂದು ಓಣಿ ಇದೆ. ಅಲ್ಲಿ ಕ ಅಂದರೆ ಕ ಮಾತ್ರ. ಯಾವ ಫೋನಿಗೆ ಹೋದರೂ ಅದು ಕ ಆಗಿಯೇ ಇರುತ್ತದೆ.

ಹಳೆಯ ನುಡಿಯಲ್ಲಿ ದೀರ್ಘಕ್ಕೆ ಬೇರೆಯೇ ಒಂದು ಗುರುತು. ತಲೆಯ ಮೇಲೆ ಅಲೆಯಂಥ ಗೆರೆ ಇರುವ ಎ. ಮೊದಲು ನಿ, ಅದರ ಮುಂದೆ ಈ ಅಲೆಯ ಎ ಬಂದರೆ ನೀ. ಮೊದಲು ಹೊ, ಅದರ ಮುಂದೆ ಇದು ಬಂದರೆ ಹೋ.

2016ರಲ್ಲಿ ಸೈಟನ್ನು ಯುನಿಕೋಡಿಗೆ ತಂದಾಗ ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಒಂದು ಸಣ್ಣ ಪ್ರೋಗ್ರಾಂ ಬಳಸಿದ್ದೆ. ಯಾರೋ ಬೇರೆ ಕೆಲಸಕ್ಕೆ ಬರೆದಿದ್ದು, ನಾನು ತಂದು ಜೋಡಿಸಿದ್ದು. ಅದರ ಮೊದಲ ಹೆಜ್ಜೆ ಕಸ ತೆಗೆಯುವುದು. ಮಾಮೂಲಿ ಪುಟಗಳಲ್ಲಿ ಅಕ್ಷರಗಳ ಕೋಡ್ ತಪ್ಪಾಗಿ ಓದಿಕೊಂಡರೆ ಇದೇ ಅಲೆಯ ಎ ಎಲ್ಲೆಲ್ಲೂ ಕಳೆಯ ಹಾಗೆ ಹುಟ್ಟಿಕೊಳ್ಳುತ್ತದೆ. ಹಾಗಾಗಿ ಕಸ ತೆಗೆಯುವ ಪ್ರೋಗ್ರಾಂಗಳು ಅದನ್ನು ಕಂಡಲ್ಲಿ ಕಿತ್ತು ಹಾಕುತ್ತವೆ. ಬೇರೆಯವರ ಹೊಲದಲ್ಲಿ ಅದು ಕಳೆ. ನಮ್ಮ ಹೊಲದಲ್ಲಿ ಅದೇ ಬೆಳೆ. 31 ಬರಹ ಆ ಹೆಜ್ಜೆ ದಾಟಿ ಬಂದಿದ್ದವು. ಮೂವತ್ತೊಂದರಲ್ಲೂ ನೀ, ಮೇ, ಹೋ ಎಲ್ಲ ನಿ, ಮೆ, ಹೊ ಆಗಿದ್ದವು. ಕಾ, ಕೂ ಮಾತ್ರ ಉಳಿದಿದ್ದವು, ಏಕೆಂದರೆ ಅವಕ್ಕೆ ಬೇರೆ ಗುರುತು.

ಇದನ್ನು ಹುಡುಕಲು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಕೂತೆ. ಪಕ್ಕದ ಮನೆಯ ಹುಡುಗಿ ಡಿಪ್ಲೊಮಾ ಓದುತ್ತಿದ್ದಾಳೆ, ಅವಳು ಜೊತೆಗಿದ್ದಳು. ಆ ಒಂದು ಸಾಲನ್ನು ಮೊದಲು ಕಂಡವಳು ಅವಳೇ. “ಕಾಕಾ, ಇಲ್ಲಿ ಏನೋ ಅಳಸಾಕತ್ತೈತಿ ನೋಡ್ರಿ” ಅಂದಳು.

ಸಿಡಿಗಳು

ಮೂಲ ಫೈಲ್ ಇದ್ದರೆ ಕೆಲಸ ಸುಲಭ. ಆ ಸಾಲು ತೆಗೆದು ಮತ್ತೆ ಓಡಿಸಿದರೆ ಆಯಿತು. ಅಟ್ಟದ ಮೇಲಿನ ಟ್ರಂಕಿನಲ್ಲಿ 14 ಸಿಡಿ ಸಿಕ್ಕವು. ಸಿಡಿ ಓದುವ ಡ್ರೈವ್ ಈಗ ಯಾರ ಮನೆಯಲ್ಲಿದೆ ಹೇಳಿ? ಡಿಟಿಪಿ ಅಂಗಡಿ ಇಟ್ಟಿದ್ದ ಗೆಳೆಯರೊಬ್ಬರ ಹತ್ತಿರ ಹಳೆಯ ಕಂಪ್ಯೂಟರ್ ಇತ್ತು. ಮೂರು ಸಿಡಿ ಓದಲೇ ಇಲ್ಲ. ಉಳಿದವುಗಳಿಂದ 22 ಬರಹಗಳ ಮೂಲ ಸಿಕ್ಕಿತು. ಅವೆಲ್ಲ ಈಗ ಸರಿಯಾಗಿವೆ, ಸೈಟಿನಲ್ಲಿ ಓದಬಹುದು.

ಉಳಿದದ್ದು ಒಂಬತ್ತು. ಒಂಬತ್ತೂ ಹಿರಿಯರು ಹೇಳಿದ ಮಾತುಗಳೇ. ಅವುಗಳ ಮೂಲ ಇದ್ದ ಹಾರ್ಡ್ ಡಿಸ್ಕ್ ಎಂದೋ ಸತ್ತಿದೆ. ನೋಟ್‌ಬುಕ್ ಇದೆಯಲ್ಲ ಅನ್ನಬಹುದು. ನೋಟ್‌ಬುಕ್ಕಿನಲ್ಲಿ ನಾನು ಬರೆದುಕೊಂಡಿದ್ದು ಬರೀ ಗುರುತಿಗೆ ಬೇಕಾದ ಎರಡೆರಡು ಪದ. ಪೂರ್ತಿ ಮಾತನ್ನು ಅವತ್ತು ರಾತ್ರಿಯೇ ನೆನಪಿನಿಂದ ಟೈಪ್ ಮಾಡುತ್ತಿದ್ದೆ. ಹಾಗಾಗಿ ಆ ಒಂಬತ್ತು ಬರಹಕ್ಕೆ ಈಗ ಇರುವ ಒಂದೇ ಪ್ರತಿ ಸೈಟಿನಲ್ಲಿ ಇರುವ ಈ ದೀರ್ಘವಿಲ್ಲದ ಪ್ರತಿ.

ಎರಡನೇ ಮತ್ತು ಮೂರನೇ ಭಾನುವಾರ: ಹಳದಿ ಪದಗಳು

ಒಂಬತ್ತು ಬರಹದಲ್ಲಿ ಸುಮಾರು 11,300 ಪದ. ಕೈಯಿಂದ ಒಂದೊಂದೇ ನೋಡುವುದಕ್ಕಿಂತ ಮೊದಲು ಯಂತ್ರಕ್ಕೆ ಎಷ್ಟು ಸಾಧ್ಯವೋ ಅಷ್ಟು ಕೊಡೋಣ ಅಂದುಕೊಂಡೆವು.

ಮಾಡಿದ್ದು ಇಷ್ಟು. ಚೆನ್ನಾಗಿರುವ 109 ಬರಹಗಳಿಂದ ಎಲ್ಲ ಪದಗಳನ್ನು ತೆಗೆದು ಒಂದು ಪಟ್ಟಿ ಮಾಡಿದೆವು. ಪೇಟೆಯಲ್ಲಿ ಸಿಗುವ ನಿಘಂಟು ಬಳಸಲಿಲ್ಲ. ಅದರಲ್ಲಿ ಮ್ಯಾಲ ಇಲ್ಲ, ಒಳಗ ಇಲ್ಲ, ಹೊಂಟಾನ ಇಲ್ಲ. ನಮ್ಮ ಬರಹದಿಂದಲೇ ನಮ್ಮ ಪಟ್ಟಿ. ಆಮೇಲೆ ಹಾಳಾದ ಒಂದೊಂದು ಪದವನ್ನೂ ತೆಗೆದುಕೊಂಡು, ಅದರಲ್ಲಿ ಗುಡಿಸು, ಏತ್ವ, ಓತ್ವ ಇರುವ ಕಡೆಯಲ್ಲೆಲ್ಲ ದೀರ್ಘ ಹಾಕಿಯೂ ಹಾಕದೆಯೂ ನೋಡುವುದು. ‘ಬೆಳಿಗ್ಗೆ’ ಅನ್ನುವ ಪದದಲ್ಲಿ ಅಂಥ ಮೂರು ಜಾಗ ಇವೆ, ಅಂದರೆ ಎಂಟು ರೂಪ. ಅವುಗಳಲ್ಲಿ ಒಂದೇ ಒಂದು ರೂಪ ಪಟ್ಟಿಯಲ್ಲಿ ಇದ್ದರೆ ಅದೇ ಸರಿ, ಹಾಕಿಬಿಡುವುದು. ನಿರು ಹೋಗಿ ನೀರು ಬಂತು. ಬೆಕು ಹೋಗಿ ಬೇಕು ಬಂತು. ಎರಡು ರೂಪ ಇದ್ದರೆ, ಅಥವಾ ಒಂದೂ ಇಲ್ಲದಿದ್ದರೆ, ಆ ಪದಕ್ಕೆ ಹಳದಿ ಬಣ್ಣ ಹಚ್ಚಿ ಮನುಷ್ಯರಿಗೆ ಬಿಡುವುದು. ಹಾಳಾದ ಪ್ರತಿಯನ್ನೂ ಹಾಗೇ ಬೇರೆ ಕಡೆ ಇಟ್ಟಿದ್ದೇವೆ. ಯಂತ್ರ ತಪ್ಪು ಮಾಡಿದ್ದರೆ ವಾಪಸ್ ಹೋಗಿ ನೋಡಬೇಕಲ್ಲ.

640 ಪದ ಹಳದಿಯಾದವು. ಆ ಪದಗಳನ್ನು ನೋಡಿ ನಾನು ಸುಮ್ಮನೆ ಕೂತುಬಿಟ್ಟೆ. ಕೊಡಿ, ಕೋಡಿ. ತೆರು, ತೇರು. ಬೆಳೆ, ಬೇಳೆ. ಕೊಣ ಅಂತ ಪದ ಇಲ್ಲ, ಅದನ್ನು ಯಂತ್ರವೇ ಕೋಣ ಮಾಡಿತ್ತು. ಆದರೆ ಬಿಡು ಇದೆ, ಬೀಡೂ ಇದೆ. ಹೆಚ್ಚಿನವು ಹಿಂದುಮುಂದಿನ ಸಾಲು ಓದಿದರೆ ಗೊತ್ತಾಗುತ್ತಿದ್ದವು. ತೇರು ಎಳೆಯುತ್ತಾರೆ, ತೆರಿಗೆ ತೆರುತ್ತಾರೆ. ಅಂಥವನ್ನು ನಾನೂ ಹುಡುಗಿಯೂ ಕೂತು ಬೇಗ ಬೇಗ ಮುಗಿಸಿದೆವು.

ಆಮೇಲೆ ಅವಳು ಒಂದು ಕಡೆ ನಿಂತಳು. “ಕಾಕಾ, ಇದು ಹೊಳಿನೋ ಹೋಳಿನೋ?”

ಸಾಲು ಹೀಗಿತ್ತು: “ಹೊಳಿ ಬಂತಂದ್ರ ಓಣ್ಯಾಗ ಯಾರಿಗೂ ನಿದ್ದಿ ಇರತಿದ್ದಿಲ್ಲ.”

ದಕ್ಷಿಣದವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮಲ್ಲಿ ಹೊಳೆಗೆ ಹೊಳಿ ಅನ್ನುತ್ತೇವೆ. ಹೊಳಿ ಬಂತು ಅಂದರೆ ಘಟಪ್ರಭೆ ತುಂಬಿ ಬಂತು ಅಂತ. 2019ರ ಆಗಸ್ಟಿನಲ್ಲಿ ಬಂದ ಹಾಗೆ. ಹೊಳಿ ಬಂದ ರಾತ್ರಿ ಓಣಿಯಲ್ಲಿ ಯಾರು ಮಲಗುತ್ತಾರೆ? ಇನ್ನು ಹೋಳಿ. ಬಾಗಲಕೋಟೆಯ ಹೋಳಿ ನೋಡಿದವರಿಗೆ ಹೇಳಬೇಕಾಗಿಲ್ಲ. ಕಿಲ್ಲಾ, ಹಳಪೇಟ, ಹೊಸಪೇಟ, ಜೈನಪೇಟ, ವೆಂಕಟಪೇಟ, ಒಂದೊಂದು ಪೇಟೆಯದೂ ಹಲಗೆ ಮೇಳ. ಕಾಯಿಸಿದ ಹಲಗೆಯ ಸದ್ದು ರಾತ್ರಿಯೆಲ್ಲ. ಬಣ್ಣದ ಬಂಡಿಗಳು ಹೊರಡುವವರೆಗೆ ಯಾರಿಗೂ ನಿದ್ದೆ ಇಲ್ಲ. ಆ ಸಾಲು ಎರಡಕ್ಕೂ ಸರಿ ಹೊಂದುತ್ತದೆ. ಒಂದರಲ್ಲಿ ಭಯ, ಇನ್ನೊಂದರಲ್ಲಿ ಹಬ್ಬ.

ಹೇಳಿದವರು ವೆಂಕಟಪೇಟದ ಒಬ್ಬ ಅಜ್ಜಿ. ಆ ಮಾತಿನಲ್ಲಿ ಅದರ ಹಿಂದಿನ ಸಾಲು ಮನೆಯ ಮಾಳಿಗೆಯ ಬಗ್ಗೆ, ಮುಂದಿನ ಸಾಲು ಮಕ್ಕಳ ಬಗ್ಗೆ. ಹೊಳಿ ಬಂದರೂ ಮಾಳಿಗೆ ಹತ್ತುತ್ತಾರೆ, ಹೋಳಿ ಮೆರವಣಿಗೆ ನೋಡಲೂ ಹತ್ತುತ್ತಾರೆ. ಬರೆದುಕೊಂಡವನು ನಾನೇ. ಆದರೂ ನೆನಪಿಲ್ಲ. ನೆನಪಿದೆ ಅಂತ ಅಂದುಕೊಂಡು ಒಂದನ್ನು ಹಾಕಿಬಿಡುವುದು ತಪ್ಪು, ಅದು ಅವರ ಮಾತು.

ಆ ಪುಟವನ್ನು ಹಳದಿ ಸಮೇತ ಸೈಟಿಗೆ ಹಾಕಿದೆ. ಹತ್ತು ದಿನ ಆದ ಮೇಲೆ ಒಂದು ಫೋನ್ ಬಂತು. ವಿಜಯಪುರದಲ್ಲಿ ಕೆಲಸ ಮಾಡುವ ಹುಡುಗ, ಆ ಅಜ್ಜಿಯ ಮೊಮ್ಮಗ. “ಸರ, ನಮ್ಮ ಆಯಿ ಹೋಳಿಗೆ ಹೋಳಿ ಅಂತ ಎಂದೂ ಅಂದಾಕಿ ಅಲ್ರಿ. ಕಾಮನ ಹುಣ್ಣಿವಿ ಅಂತಿದ್ಲು. ಅದು ಹೊಳಿನ ಐತ್ರಿ.”

ಹಳದಿ ತೆಗೆದೆ. ಅಜ್ಜಿ ಹೇಳಿದ್ದು ಹೊಳಿಯ ಬಗ್ಗೆ. ಇಷ್ಟು ದಿನ ಕಂಪ್ಯೂಟರ್ ಮುಂದೆ ಕೂತು ಮಾಡಿದ್ದರಲ್ಲಿ ಯಾವುದೂ ಆ ಎರಡು ನಿಮಿಷದ ಫೋನಿಗೆ ಸಮ ಅಲ್ಲ. ಯಾವ ಪಟ್ಟಿಯಲ್ಲೂ ಇಲ್ಲದ ವಿಷಯ ಅದು. ಒಬ್ಬ ಅಜ್ಜಿ ಒಂದು ಹಬ್ಬವನ್ನು ಮನೆಯಲ್ಲಿ ಏನಂತ ಕರೆಯುತ್ತಿದ್ದಳು ಅನ್ನುವುದು ಮನೆಯವರಿಗೆ ಮಾತ್ರ ಗೊತ್ತು. ಅವತ್ತಿಂದ ನನಗೆ ಒಂದು ವಿಷಯ ಖಾತ್ರಿಯಾಗಿದೆ. ಈ ಸೈಟನ್ನು ನಾನೊಬ್ಬನೇ ರಿಪೇರಿ ಮಾಡಲಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹುಡುಕಿದರೆ ಸಿಗದ ಹೋಳಿ

ಹೊಳಿ ಸಿಕ್ಕ ಖುಷಿಯಲ್ಲಿ ಸೈಟಿನ ಹುಡುಕು ಪೆಟ್ಟಿಗೆಯಲ್ಲಿ ‘ಹೋಳಿ’ ಅಂತ ಹೊಡೆದೆ. ನಾಲ್ಕೇ ಬರಹ ಬಂದವು. ಬಾಗಲಕೋಟೆಯವನ ಸೈಟಿನಲ್ಲಿ ಹೋಳಿ ನಾಲ್ಕೇ ಕಡೆ ಇರಲು ಸಾಧ್ಯವೇ ಇಲ್ಲ.

ಇದು ಬೇರೆ ರೋಗ. ಯುನಿಕೋಡಿನಲ್ಲಿ ‘ಹೋ’ ಬರೆಯಲು ಒಂದಕ್ಕಿಂತ ಹೆಚ್ಚು ದಾರಿ ಇದೆ. ದೀರ್ಘವಿರುವ ಓತ್ವದ ಒಂದೇ ಗುರುತು ಹಾಕಬಹುದು. ಇಲ್ಲವೇ ಮೊದಲು ಗಿಡ್ಡ ಓತ್ವ, ಅದರ ಪಕ್ಕ ಬರೀ ದೀರ್ಘ. ಇಲ್ಲವೇ ಏತ್ವ, ಕೊಂಬಿನ ದೀರ್ಘ, ಆಮೇಲೆ ದೀರ್ಘ ಅಂತ ಮೂರು ತುಂಡು. ಪರದೆಯ ಮೇಲೆ ಮೂರೂ ಒಂದೇ ಥರ ಕಾಣುತ್ತವೆ, ಕಣ್ಣಿಗೆ ಕೂದಲಷ್ಟೂ ವ್ಯತ್ಯಾಸ ಇಲ್ಲ. ಕಂಪ್ಯೂಟರಿಗೆ ಮಾತ್ರ ಮೂರು ಬೇರೆ ಪದ. ನಮ್ಮ ಹಳೆಯ ಪ್ರೋಗ್ರಾಂ ತುಂಡು ತುಂಡಾಗಿಯೇ ಜೋಡಿಸಿಟ್ಟಿತ್ತು. ಇದಕ್ಕೆ ಮದ್ದು ಸುಲಭ. ಎಲ್ಲ ತುಂಡುಗಳನ್ನೂ ಒಂದೇ ರೂಪಕ್ಕೆ ತರುವ ಎನ್‌ಎಫ್‌ಸಿ ಅನ್ನುವ ಕ್ರಮ ಇದೆ, ಪೈಥಾನಿನಲ್ಲಿ ಒಂದು ಸಾಲಿನ ಕೆಲಸ. ಬರಹಕ್ಕೂ ಅದನ್ನು ಓಡಿಸಿದೆವು, ಓದುಗರು ಹುಡುಕು ಪೆಟ್ಟಿಗೆಯಲ್ಲಿ ಹೊಡೆಯುವ ಪದಕ್ಕೂ ಓಡಿಸಿದೆವು. ಈಗ ಹೋಳಿ 19 ಕಡೆ ಸಿಗುತ್ತದೆ.

ಅದೇ ಸಮಯದಲ್ಲಿ ಇನ್ನೊಂದು ಸಿಕ್ಕಿತು. ‘ಬಂಡಿ’ ಹುಡುಕಿದರೆ ‘ಬ೦ಡಿ’ ಸಿಗುತ್ತಿರಲಿಲ್ಲ. ಎರಡೂ ಒಂದೇ ಅಲ್ವಾ ಅನ್ನಿಸುತ್ತದೆ. ಎರಡನೆಯದರಲ್ಲಿ ಇರುವುದು ಅನುಸ್ವಾರದ ಸೊನ್ನೆ ಅಲ್ಲ, ಕನ್ನಡ ಅಂಕಿಯ ಸೊನ್ನೆ. 37 ಕಡೆ ಹೀಗಾಗಿತ್ತು. ನೀವು ಸ್ವಂತ ಸೈಟ್ ಇಟ್ಟುಕೊಂಡಿದ್ದರೆ ಇವೆರಡನ್ನೂ ಒಮ್ಮೆ ಹುಡುಕಿ ನೋಡಿ.

ಊರ ಹೆಸರುಗಳ ಗೋಜಲೂ ಇತ್ತು. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರ ಆಯಿತು. ಹಿರಿಯರ ಬಾಯಲ್ಲಿ ಅದು ಬಿಜಾಪುರ, ಇಲ್ಲವೇ ವಿಜಾಪುರ. ಬಾಗಲಕೋಟ, ಬಾಗಲಕೋಟಿ, ಬಾಗಲಕೋಟೆ ಮೂರೂ ಇವೆ. ಬರಹದಲ್ಲಿ ಇದನ್ನು ಬದಲಾಯಿಸಿಲ್ಲ, ಬದಲಾಯಿಸುವುದೂ ಇಲ್ಲ. ಯಾವ ಹೆಸರು ಹೊಡೆದರೂ ಎಲ್ಲವೂ ಸಿಗುವ ಹಾಗೆ ಹುಡುಕು ಪೆಟ್ಟಿಗೆಗೆ ಒಂದು ಸಣ್ಣ ಪಟ್ಟಿ ಕೊಟ್ಟಿದ್ದೇವೆ. ಹಳ್ಳಿಗಳ ಹೆಸರು ಇನ್ನೂ ಸೇರಿಸಿಲ್ಲ.

ಕಣ್ಣಿಗೆ ಕಾಣುವ ಕೆಲಸ

‘ಇಸ್ತ್ರಿ ಪೆಟ್ಟಿಗೆ’ ಅಂತ ನನ್ನದೊಂದು ಲೇಖನ ಇದೆ. ಹುಡುಗಿಯ ತಮ್ಮನ ಹಳೆಯ ಫೋನಿನಲ್ಲಿ ಅದರ ತಲೆಬರಹ ನೋಡಿದೆ. ಸ್ತ್ರಿಯ ಕೆಳಗಿನ ಒತ್ತುಗಳು ಅರ್ಧಕ್ಕೆ ಕತ್ತರಿಸಿ ಹೋಗಿದ್ದವು. ಮೇಲೆ ‘ಇಸಿ’, ಕೆಳಗೆ ಏನೋ ಎರಡು ಗೀರು. ಕಾರಣ ಸಾಲಿನ ಎತ್ತರ. ನಾನು ತಂದುಕೊಂಡ ವಿನ್ಯಾಸ ಇಂಗ್ಲಿಷಿಗಾಗಿ ಮಾಡಿದ್ದು, ಅದರಲ್ಲಿ ತಲೆಬರಹದ ಸಾಲಿನ ಎತ್ತರ ಅಕ್ಷರದ 1.2 ಪಟ್ಟು. ಇಂಗ್ಲಿಷಿಗೆ ಅಷ್ಟು ಸಾಕು. ಕನ್ನಡದಲ್ಲಿ ಅಕ್ಷರದ ಕೆಳಗೆ ಒತ್ತು, ಒತ್ತಿನ ಕೆಳಗೆ ಇನ್ನೊಂದು ಒತ್ತು ಬರುತ್ತದೆ. ತಲೆಬರಹಕ್ಕೆ 1.5, ಬರಹಕ್ಕೆ 1.8 ಮಾಡಿದೆವು. ಉಕ್ಕಿ ಬಂದದ್ದನ್ನು ಮುಚ್ಚಿಡುವ ಒಂದು ಆಜ್ಞೆ ಇತ್ತು, ಅದನ್ನೂ ತೆಗೆದೆವು. ಈಗ ರಾಷ್ಟ್ರ, ಶಾಸ್ತ್ರ, ಇಸ್ತ್ರಿ ಎಲ್ಲ ಪೂರ್ತಿ ಕಾಣುತ್ತವೆ. ಸಾಲುಗಳ ನಡುವೆ ಗಾಳಿ ಆಡುತ್ತದೆ, ಓದಲು ಹಿತವಾಗಿದೆ.

ಎರಡೂ ಅಂಚು ಸಮ ಮಾಡುವುದನ್ನೂ ಬಿಟ್ಟೆ. ಕನ್ನಡದ ಪದ ಉದ್ದ. ಸಣ್ಣ ಪರದೆಯಲ್ಲಿ ಒಂದು ಸಾಲಿಗೆ ಮೂರೇ ಪದ ಕೂತು, ನಡುವೆ ದೊಡ್ಡ ದೊಡ್ಡ ಕಂದಕ ಬೀಳುತ್ತಿದ್ದವು. ಪುಸ್ತಕದಲ್ಲಿ ಚೆಂದ ಕಾಣುವುದು ಫೋನಿನಲ್ಲಿ ಚೆಂದ ಕಾಣಬೇಕು ಅಂತ ಇಲ್ಲ.

ಫಾಂಟಿನ ಬಗ್ಗೆ ತುಂಬ ಯೋಚನೆ ಮಾಡಿದೆ. ನೋಟೊ ಸೆರಿಫ್ ಕನ್ನಡ ನನಗೆ ಇಷ್ಟ, ಹಳೆಯ ಅಚ್ಚುಮೊಳೆಯ ನೆನಪು ತರುತ್ತದೆ. ಆದರೆ ಓದುಗರ ಫೋನಿನಲ್ಲಿ ಆಗಲೇ ಒಂದು ಕನ್ನಡ ಫಾಂಟ್ ಇರುತ್ತದೆ. ಆಂಡ್ರಾಯ್ಡಿನಲ್ಲಿ ನೋಟೊ ಇದೆ, ವಿಂಡೋಸಿನಲ್ಲಿ ತುಂಗಾ ಅಥವಾ ನಿರ್ಮಲಾ ಇರುತ್ತದೆ. ಹೊಲದಲ್ಲಿ ನಿಂತು, ಸಿಗ್ನಲ್ಲಿನ ಒಂದು ಗೆರೆ ಹಿಡಿದು ಓದುವವರಿಗೆ ಇನ್ನೊಂದು ಫಾಂಟ್ ಇಳಿಸಿಕೊಳ್ಳಿ ಅನ್ನುವುದು ಸರಿಯಲ್ಲ. ಕೊನೆಗೆ ತಲೆಬರಹಕ್ಕೆ ಮಾತ್ರ ನನ್ನ ಇಷ್ಟದ ಫಾಂಟ್, ಬರಹಕ್ಕೆ ಅವರವರ ಫೋನಿನದು ಅಂತ ಮಾಡಿದೆ.

ಫೋಟೋಗಳ ಭಾರವೂ ಜಾಸ್ತಿ ಇತ್ತು. ಮೊದಲ ಪುಟವೇ 11 ಎಂಬಿ. ಸ್ಕ್ಯಾನ್ ಮಾಡಿದ ಹಾಗೇ ಏರಿಸಿಬಿಟ್ಟಿದ್ದೆ. ಅಗಲ 1200 ಪಿಕ್ಸೆಲ್ ಮಾಡಿ ಮತ್ತೆ ಉಳಿಸಿದ ಮೇಲೆ ಇಡೀ ಪುಟ 600 ಕೆಬಿಗೆ ಇಳಿದಿದೆ. ದೊಡ್ಡ ಪ್ರತಿ ಬೇಕಾದವರಿಗೆ ಫೋಟೋದ ಕೆಳಗೆ ಬೇರೆ ಲಿಂಕ್ ಇದೆ.

ಲಿಂಕುಗಳನ್ನೂ ಬದಲಾಯಿಸಿದೆವು. ಮೊದಲು ಲಿಂಕಿನಲ್ಲೇ ಕನ್ನಡ ತಲೆಬರಹ ಇತ್ತು. ವಾಟ್ಸಾಪಿನಲ್ಲಿ ಕಳಿಸಿದರೆ ಅದು ಶೇಕಡಾ ಗುರುತು, ಅಂಕಿ, ಇಂಗ್ಲಿಷ್ ಅಕ್ಷರಗಳ ದೊಡ್ಡ ಸರಪಳಿ ಆಗುತ್ತಿತ್ತು. ಕನ್ನಡದ ಒಂದೊಂದು ಗುರುತಿಗೂ ಅಲ್ಲಿ ಒಂಬತ್ತು ಅಕ್ಷರ ಬೇಕು. ‘ಕನ್ನಡ’ ಅನ್ನುವ ಒಂದು ಪದಕ್ಕೇ 45. ಈಗ ಬರೀ ಬರಹದ ಸಂಖ್ಯೆ ಇದೆ. ಹಳೆಯ ಲಿಂಕ್ ಒತ್ತಿದರೂ ಹೊಸ ಪುಟಕ್ಕೇ ಹೋಗುತ್ತದೆ.

ಇನ್ನೊಂದು ಸಣ್ಣದು, ಆದರೆ ಮುಖ್ಯ. ಪುಟದ ಭಾಷೆ ಯಾವುದು ಅಂತ ಹೇಳುವ ಜಾಗದಲ್ಲಿ ಇಂಗ್ಲಿಷ್ ಅಂತಲೇ ಇತ್ತು. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ತಂತ್ರಾಂಶಗಳು ಆ ಜಾಗ ನೋಡಿಯೇ ದನಿ ಆರಿಸುತ್ತವೆ. ಕನ್ನಡ ಅಂತ ತಿದ್ದಿ, ಫೋನಿನ ಟಾಕ್‌ಬ್ಯಾಕ್ ಹಾಕಿ ಕಣ್ಣು ಮುಚ್ಚಿ ಕೇಳಿದೆ. ಓದಿತು.

ನಿಮ್ಮಿಂದ ಬೇಕಾದದ್ದು

640ರಲ್ಲಿ ಈಗ 212 ಹಳದಿ ಪದ ಉಳಿದಿವೆ. ಒಂಬತ್ತು ಬರಹಗಳ ಪುಟದಲ್ಲಿ ಅವು ಕಾಣುತ್ತವೆ. ಪ್ರತಿ ಪ್ಯಾರಾದ ಎಡಗಡೆ ಸಣ್ಣ ಅಂಕಿ ಹಾಕಿದ್ದೇವೆ. “ಬರಹ 64, ಪ್ಯಾರಾ 7, ಕೋಡಿ ಆಗಬೇಕು” ಅಂದರೆ ಸಾಕು. ಬರೆದು ತಿಳಿಸಲು ಬರದ ಹಿರಿಯರು ಮನೆಯಲ್ಲಿದ್ದರೆ ಅವರಿಗೆ ಓದಿ ಹೇಳಿ. ಜೋರಾಗಿ ಓದಿದಾಗ ಅವರಿಗೆ ತಕ್ಷಣ ಗೊತ್ತಾಗುತ್ತದೆ, ಅದನ್ನು ನಾನು ಮೂರು ಸಲ ಕಣ್ಣಾರೆ ನೋಡಿದ್ದೇನೆ.

ಒಂದು ವಿನಂತಿ. ತಪ್ಪು ತಿದ್ದುವಾಗ ಮಾತನ್ನು ತಿದ್ದಬೇಡಿ. ಹೋದ ತಿಂಗಳು ಒಬ್ಬ ಓದುಗರು ತುಂಬ ಪ್ರೀತಿಯಿಂದ, ತುಂಬ ಶ್ರಮದಿಂದ 40 ತಪ್ಪುಗಳ ಪಟ್ಟಿ ಕಳಿಸಿದರು. ಅದರಲ್ಲಿ 33 ತಪ್ಪುಗಳೇ ಅಲ್ಲ. ಹೊಳಿಯನ್ನು ಹೊಳೆ ಮಾಡಿದ್ದರು, ಮನಿಯನ್ನು ಮನೆ, ಬರಾಕತ್ತಾನ ಅನ್ನುವುದನ್ನು ಬರುತ್ತಿದ್ದಾನೆ. ಉಳಿದ ಏಳು ಮಾತ್ರ ನಿಜವಾದ ತಪ್ಪು, ಆ ಏಳಕ್ಕೆ ನಾನು ಅವರಿಗೆ ಋಣಿ. ಮನಿ ಅಂತ ಹೇಳಿದವರ ಮನೆ ನೀರಿನ ಕೆಳಗೆ ಹೋಗಿದೆ. ಅವರ ಪದವಾದರೂ ಅವರು ಹೇಳಿದ ಹಾಗೇ ಇರಲಿ. ಗೊಂದಲ ಬಂದರೆ ಬಾಗಲಕೋಟೆ, ಬೀಳಗಿ, ಮುಧೋಳ, ಜಮಖಂಡಿ, ಬಸವನಬಾಗೇವಾಡಿ ಕಡೆಯ ಯಾರನ್ನಾದರೂ ಕೇಳಿ ಆಮೇಲೆ ಕಳಿಸಿ. ಆ ಕಡೆಯವರೇ ನೀವಾಗಿದ್ದರೆ ನಿಮ್ಮ ಕಣ್ಣೇ ನನಗೆ ಎಲ್ಲಕ್ಕಿಂತ ಜಾಸ್ತಿ ಬೇಕಾದದ್ದು.

ಫೋಟೋಗಳಿಗೂ ಸಹಾಯ ಬೇಕು. ಹಳೇ ಊರಿನ 86 ಫೋಟೋ ಇವೆ, 50ಕ್ಕೆ ಮಾತ್ರ ವಿವರ ಬರೆದಿದ್ದೇನೆ. ಉಳಿದವುಗಳಲ್ಲಿ ಓಣಿ ಯಾವುದು, ಹಿಂದೆ ಕಾಣುವ ಗುಡಿ ಯಾವುದು ಅಂತ ಹೇಳಿದರೆ ಸಾಕು. ಫೋಟೋದಲ್ಲಿ ಇರುವ ಜನರ ಹೆಸರು ಅವರ ಮನೆಯವರು ಒಪ್ಪಿದರೆ ಮಾತ್ರ ಹಾಕುತ್ತೇನೆ.

ನಿಮ್ಮ ಫೋನ್ ಹಳೆಯದಾಗಿದ್ದರೆ ಇನ್ನೂ ಒಳ್ಳೆಯದು. ಯಾವುದಾದರೂ ಒಂದು ಬರಹ ತೆರೆದು, ಒತ್ತು ಒಡೆದು ಕಾಣುತ್ತಿದ್ದರೆ ಸ್ಕ್ರೀನ್‌ಶಾಟ್ ಕಳಿಸಿ. ‘ರ‍್ಯಾಂಕ್’ ಮತ್ತು ‘ಕಾರ್ಯ’ ಈ ಎರಡು ಪದ ನೋಡಿ. ಮೊದಲನೆಯದರಲ್ಲಿ ರ ಪೂರ್ತಿ ನಿಂತು ಯ ಅದರ ಒತ್ತಾಗಬೇಕು, ಎರಡನೆಯದರಲ್ಲಿ ಯ ನಿಂತು ಅರ್ಕಾವೊತ್ತು ಬರಬೇಕು. ಎರಡೂ ಒಂದೇ ಥರ ಕಂಡರೆ ಕಣ್ಣಿಗೆ ಕಾಣದ ಒಂದು ಗುರುತು ಎಲ್ಲೋ ಬಿದ್ದುಹೋಗಿದೆ ಅಂತ ಅರ್ಥ.

ಕೊನೆಯದಾಗಿ, ನನಗೆ ನಿದ್ದೆ ಕೆಡಿಸಿರುವ ಒಂದು ಸಾಲು. ಬರಹ 71, ಪ್ಯಾರಾ 12. ಹೇಳಿದವರು ಒಬ್ಬ ಅಜ್ಜ. ನೋಟ್‌ಬುಕ್ಕಿನಲ್ಲಿ ನಾನು ಬರೆದಿಟ್ಟಿರುವುದು ಇಷ್ಟೇ: ಬೀಳಗಿ ತಾಲೂಕು, ವಯಸ್ಸು 80ರ ಆಸುಪಾಸು. ಊರ ಹೆಸರು ಬರೆದಿಲ್ಲ. ಸಾಲು ಇದು:

“ಕೆರಿ ಒಡದ ಮ್ಯಾಲ ಆ ಕಡೆ ಯಾರೂ ಹೋಗಲಿಲ್ಲ.”

ಕೆರಿ ಆಗಿದ್ದರೆ ಆ ಊರಿನ ಕೆರೆಯ ಕಟ್ಟೆ ಒಡೆದಿತ್ತು. ಕೇರಿ ಆಗಿದ್ದರೆ ಜನ ಬಾಗಿಲು, ಕಂಬ, ತೊಲೆಗಳನ್ನು ಬಿಚ್ಚಿಕೊಂಡು ತಮ್ಮ ಮನೆಗಳನ್ನು ತಾವೇ ಒಡೆದು ಹೋಗಿದ್ದರು. ಬೀಳಗಿ ತಾಲೂಕಿನ ಮುಳುಗಡೆ ಊರಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಊರಲ್ಲಿ ಕೆರೆ ಇತ್ತಾ? ಅದು ಯಾವಾಗಲಾದರೂ ಒಡೆದಿತ್ತಾ? ಮನೆಯಲ್ಲಿ ಹಿರಿಯರಿದ್ದರೆ ಕೇಳಿ ತಿಳಿಸಿ. ಅಲ್ಲಿಯವರೆಗೆ ಆ ಪದ ಹಳದಿಯಾಗಿಯೇ ಇರುತ್ತದೆ.